ಗುಡಿಸಿದ ಮಣ್ಣು

ಹತ್ತಕ್ಕೆ ಇನ್ನೂ ನಾಲ್ಕು ನಿಮಿಷ.
ಬಲಾರಟ್‌ನ ಚಳಿ ಕಿಟಕಿಯ ಸಂದಿಯಲ್ಲಿ ಮೂಗು ತೂರಿಸಿದೆ.
ಕಾಲಡಿ ಹೀಟರ್, ತೊಡೆಯ ಮೇಲೆ ಕಂಬಳಿ,
ಎರಡು ಪರದೆ, ಆರಿದ ಕಾಫಿ,
ಅಡುಗೆಮನೆಯಿಂದ ತಂದಿಟ್ಟ ಮೊಟ್ಟೆ ಬೇಯಿಸುವ ಗಡಿಯಾರ.
ಒಂದು ಗಂಟೆಗೆ ಸ್ಟರ್ಟ್ ಬೀದಿಯ ಹಲ್ಲಿನ ಡಾಕ್ಟರ ಪಕ್ಕ ನಿಂತು
ಯಾರದೋ ಬಾಯಿಯ ನೀರು ಹೀರುವ ಕೊಳವೆ ಹಿಡಿಯಬೇಕು.
ಅಲ್ಲಿಯವರೆಗೆ ಇದು.

ಸಿಡ್ನಿಯ ಪೇಟೆ ಒಮ್ಮೆಗೇ ಕಣ್ಣು ಬಿಡುವುದಿಲ್ಲ.
ಶಾಲೆಯ ಹಾಜರಿಯಂತೆ ಅಕ್ಷರದ ಸರದಿ:
ಎ, ಬಿ ಹೆಸರಿನವು ಮೊದಲು;
ಎಸ್‌ನಿಂದ ಝಡ್‌ವರೆಗಿನವು ಒಂಬತ್ತು ನಿಮಿಷ ತಡ,
ಹಿಂದಿನ ಬೆಂಚಿನ ಹುಡುಗರ ಹಾಗೆ.
ನನಗೆ ಅವರೇ ಇಷ್ಟ.

ಕೊಳ್ಳುವವರು ಎಡಕ್ಕೆ, ಮಾರುವವರು ಬಲಕ್ಕೆ,
ನಡುವೆ ಒಂದು ಸೆಂಟಿನ ಬಿರುಕು.
ಬಾಗಿಲು ಮುಚ್ಚುವ ಮೊದಲು ಬೆರಳಿಟ್ಟು ತೆಗೆಯಬೇಕು.
ನಲವತ್ತೊಂದಕ್ಕೆ ಹತ್ತು ಸಾವಿರ ಕೊಂಡೆ,
ನಲವತ್ತೆರಡಕ್ಕೆ ಕೊಟ್ಟೆ.
ದಲ್ಲಾಳಿಗೆ ಹೋಗುವಾಗ ಹತ್ತು, ಬರುವಾಗ ಹತ್ತು.
ಉಸಿರು ಬಿಟ್ಟದ್ದು ಆಮೇಲೆ.
ಸ್ಕಾಲ್ಪಿಂಗ್ ಅನ್ನುತ್ತಾರೆ, ನೆತ್ತಿಯ ಚರ್ಮ ಸುಲಿಯುವುದು.
ನಾನು ಸುಲಿಯುವುದು ಉಗುರಿನ ಅಂಚಿನಷ್ಟೂ ಇಲ್ಲ.
ಕಂಪನಿ ಏನು ಮಾಡುತ್ತದೆ? ಗೊತ್ತಿಲ್ಲ.
ಮೂರಕ್ಷರ. ಅಷ್ಟೇ ಅದರ ಮೈ.

"ಈಗ ನಿನ್ನ ಹತ್ತಿರ ಏನಿದೆ?"
ಹನ್ನೊಂದಕ್ಕೆ ಬಾಗಿಲು ತಟ್ಟುತ್ತಾನೆ ಮನೆಯೊಡೆಯ ಟ್ರೆಂಬಾತ್.
ಏನೂ ಇಲ್ಲ, ಎಲ್ಲ ಮಾರಿದೆ.
"ಒಂದು ರಾತ್ರಿಯೂ ಇಟ್ಟುಕೊಳ್ಳದ್ದನ್ನು ಕೊಳ್ಳುವುದೇಕೆ?"
ಅವನ ಮುತ್ತಜ್ಜ ಈ ಅಂಗಳದ ಕೆಳಗೇ ಎಲ್ಲೋ
ಬಾವಿಯಷ್ಟು ಆಳ ಅಗೆದು, ಏನೂ ಸಿಗದೆ,
ಕೊನೆಗೆ ಬೂಟು ಹೊಲಿದನಂತೆ.

ಅವನಿಗೆ ನನ್ನಜ್ಜಿಯ ವಿಷಯ ಹೇಳಿಲ್ಲ.
ಗದಗಿನ ಅಕ್ಕಸಾಲಿಗರ ಓಣಿಯಲ್ಲಿ
ಅಂಗಡಿಗಳು ಬಾಗಿಲು ಹಾಕಿದ ಮೇಲೆ
ಕಸಬರಿಗೆ ಹಿಡಿದು ಬರುತ್ತಿದ್ದಳು ದ್ಯಾಮವ್ವ.
ಹೊಸ್ತಿಲ ಸಂದು, ಗಟಾರದ ಅಂಚು, ತಿದಿಯ ಬುಡದ ಬೂದಿ,
ಎಲ್ಲ ಬುಟ್ಟಿಗೆ.
ಮರಿಗೆಯಲ್ಲಿ ತೊಳೆದು, ತೊಳೆದು, ಪಾದರಸ ಉಣಿಸಿ,
ಕೊನೆಗೆ ಉಳಿದದ್ದು ಅರ್ಧ ಸಾಸಿವೆ.
ಅದನ್ನು ಅದೇ ಅಕ್ಕಸಾಲಿಗನಿಗೆ ಮಾರಿ
ಜೋಳ ತರುವಳು, ಕತ್ತಲಾಗುವ ಮುಂಚೆ.
"ರಾತ್ರಿ ಬಂಗಾರ ಮನ್ಯಾಗ ಇಟ್ಕೋಬಾರದವ್ವಾ,
ನಿದ್ದಿ ಹತ್ತಂಗಿಲ್ಲ."
ಈ ಕಸುಬಿನ ಪುಸ್ತಕಗಳು ಮುನ್ನೂರು ಪುಟ ಹೇಳುವುದೂ ಇಷ್ಟೇ.

ಹೋದ ಮಂಗಳವಾರ, ಹತ್ತೂ ಹನ್ನೆರಡು.
ಝಡ್‌ನಿಂದ ಶುರುವಾಗುವ ನನ್ನ ಹಳೆಯ ಮೂರಕ್ಷರ,
ಎಂಟು ಸಾವಿರ, ಮೂವತ್ತಾರು ಸೆಂಟು.
ಮೂವತ್ತಾರೂವರೆಗೆ ಮಾರಾಟ ಒತ್ತಿ ಬೆರಳಿನ್ನೂ ಎತ್ತಿಲ್ಲ,
ಅಂಕಿಗಳು ನಿಂತವು,
ಬೀದಿಯ ನಲ್ಲಿ ನಿಂತ ಹಾಗೆ:
ಮೊದಲೊಂದು ಗೊರಕೆ, ಆಮೇಲೆ ಬರೀ ಗಾಳಿ.
ವಹಿವಾಟು ತಡೆಹಿಡಿಯಲಾಗಿದೆ. ಪ್ರಕಟಣೆ ಬಾಕಿ. ಗುರುವಾರದವರೆಗೆ.

ಎರಡು ರಾತ್ರಿ ನನ್ನ ಮನೆಯಲ್ಲಿ
ಬಂಗಾರವೋ ಬೂದಿಯೋ ತಿಳಿಯದ ಒಂದು ಬುಟ್ಟಿ.
ನಿದ್ದೆ ಹತ್ತದೆ, ಮೊದಲ ಸಲ, ಓದಿದೆ ಅದು ಏನೆಂದು.
ಕಾಲ್ಗೂರ್ಲಿಯಾಚೆ ಮುನ್ನೂರು ಕಿಲೋಮೀಟರ್,
ತಗಡಿನ ಸೂರು, ನೀರಿನ ಟ್ಯಾಂಕು, ಮೂವತ್ತೊಂದು ಜನ.
ಫೋಟೋದಲ್ಲಿ ಹೆಲ್ಮೆಟ್ ತೊಟ್ಟ ಒಬ್ಬಳು
ನೆಲದಿಂದ ಕೊರೆದು ತೆಗೆದ ಕಲ್ಲುಕೋಲುಗಳ ಮುಂದೆ ಮೊಣಕಾಲೂರಿ
ಕಣ್ಣಿಗೆ ಮಸೂರ ಒತ್ತಿದ್ದಾಳೆ,
ಮೂಗಿನ ತುದಿಗೆ ಕೆಂಪು ಧೂಳು.
ಹೆಸರು ಹಾಕಿಲ್ಲ.
ಎಷ್ಟು ಬೆಳಗು, ಎಷ್ಟು ಸಲ,
ಅವಳನ್ನು ಕೊಂಡು, ಕಾಫಿ ಆರುವ ಮುಂಚೆ ಮಾರಿದ್ದೆ.

ಬುಧವಾರ ಯಾರದೋ ದವಡೆಹಲ್ಲು ಕೀಳುವಾಗ
ಡಾಕ್ಟರು ಎರಡು ಸಲ "ಸಕ್ಷನ್" ಅನ್ನಬೇಕಾಯಿತು.

ಗುರುವಾರ ಹತ್ತೂ ಒಂಬತ್ತು.
ದುಡ್ಡು ಸಾಲದೆ ಹೊಸ ಷೇರು ಹಂಚುತ್ತಾರಂತೆ, ಅಗ್ಗಕ್ಕೆ.
ಇಪ್ಪತ್ತೊಂಬತ್ತು. ಮಾರಿದೆ.
ಐನೂರ ಅರವತ್ತು ಡಾಲರ್ ಹೋಯಿತು,
ಮೂರು ವಾರದ ಸಾಸಿವೆ.
ಟ್ರೆಂಬಾತ್ ಬಾಗಿಲು ತಟ್ಟಿದ. ಏನೂ ಇಲ್ಲ, ಅಂದೆ.
ಅಂದು ಅವನು ಮುಂದೆ ಕೇಳಲಿಲ್ಲ, ಬಿಸ್ಕತ್ತಿನ ಡಬ್ಬಿ ಇಟ್ಟು ಹೋದ.

ಶುಕ್ರವಾರ, ಹಿಂದಿನ ಬೆಂಚಿನ ಹಾಜರಿ.
ಆ ಮೂರಕ್ಷರದ ಸರದಿ ಬಂತು.
ಗುಂಡಿಯ ಮೇಲೆ ಬೆರಳು ಹಾಗೇ ನಿಂತಿತು, ಯಾಕೋ,
ಅವಳು ಎದ್ದಿರಬಹುದೇ, ಮೊಣಕಾಲಿನ ಧೂಳು ಕೊಡವಿ.
ಒಂದು ಸೆಂಟು ಬಂದು,
ನನ್ನನ್ನು ನೋಡಿ,
ಹೋಯಿತು.